ಎಲೆ-ಅಡಿಕೆಯ ಮೇಲೆ ಕಥೆಗಾರ

“ಇವತ್ತಿನಿಂದ ನಾಚಿಕೆಗೆ ರಜೆ! ನನ್ನ ಬೆನ್ನು ನಾನೇ ತಟ್ಟಿಕೊಳ್ಳುವವನು!” ಎಂದು ಕನ್ನಡಿಯ ಮುಂದೆ ನಿಂತು ಘೋಷಿಸಿದೆ. ನನ್ನ ಮೊದಲ ಕಥಾಸಂಕಲನ ಅಚ್ಚಾಗಿ ಮೂರು ತಿಂಗಳಾಗಿತ್ತು. ಇಡೀ ಮಾನ್ವಿಯಲ್ಲಿ ಒಬ್ಬರೂ “ಓದೀನಿ” ಎಂದಿರಲಿಲ್ಲ. ಹೆಂಡತಿ ಸುನಂದಾಳೂ ಎಂದಿರಲಿಲ್ಲ! ಆ ಒಂದು ಮಾತಿಗಾಗಿ ಜೀವ ಹಪಹಪಿಸುತ್ತಿತ್ತು.

“ಯಾರ ಜೋಡಿ ಮಾತಾಡಾಕತ್ತೀರಿ?” ಅಡುಗೆಮನೆಯಿಂದ ಅವಳ ದನಿ.

“ಒಬ್ಬ ಲೇಖಕನ ಜೋಡಿ!”

“ಹಂಗಾದ್ರ ಆ ಲೇಖಕಗ ಕೊತ್ತಂಬರಿ ತರಾಕ ಹೇಳ್ರಿ.”

ಕೊತ್ತಂಬರಿ ಮರೆತು, ಇಪ್ಪತ್ತು ಪ್ರತಿ ಚೀಲಕ್ಕೆ ತುಂಬಿ ಓಣಿಗಿಳಿದೆ. ಅರವತ್ತು ಮಕ್ಕಳೆದುರು ಗುಡುಗುವ ಮಾಸ್ತರ ನಾನು. ಆದರೆ ‘ಪುಸ್ತಕ ಬರೆದಿದ್ದೇನೆ’ ಎನ್ನಲಾಗದೆ ಮೊದಲ ಮನೆಯ ಬಾಗಿಲಿಂದಲೇ ಹಿಂತಿರುಗಿದೆ! ಆಗ ಹೊಳೆಯಿತು ಮಹಾ ಉಪಾಯ. ಪುಸ್ತಕದ ಮೇಲೆ ಎರಡು ಎಲೆ, ಒಂದು ಅಡಿಕೆ ಇಟ್ಟು ಕೊಟ್ಟರೆ ಮರ್ಯಾದೆಗೆ ಮರ್ಯಾದೆ, ಮಾತಾಡುವ ಕಷ್ಟವೂ ಉಳಿಯಿತು! ಪಕ್ಕದ ಮನೆಯ ಮಹಾಂತಮ್ಮನಿಗೆ ‘ಭಾನುವಾರದೊಳಗೆ ಓದಿ ಹೇಳಿ’ ಎನ್ನಲು ಹೋಗಿ, “ಐತಾರ... ತಪ್ಪಸಬ್ಯಾಡ್ರಿ” ಎಂದಷ್ಟೇ ತೊದಲಿದೆ. ಆಕೆ ಪುಸ್ತಕವನ್ನು ಕಣ್ಣಿಗೊತ್ತಿ ದೇವರ ಜಗಲಿಯ ಮೇಲಿಟ್ಟಳು. ಇಪ್ಪತ್ತೂ ಮನೆಯಲ್ಲಿ ಇದೇ ಮಾತು, ಇದೇ ಗೌರವ. ಉಬ್ಬಿಹೋದೆ!

ಭಾನುವಾರ ಮಧ್ಯಾಹ್ನ ಮಹಾಂತಮ್ಮ ಸೊಸೆ-ಮೊಮ್ಮಕ್ಕಳ ಸಮೇತ ಬಂದಳು. ಕೈಯಲ್ಲಿ ಶುಭಕಾರ್ಯದ ಆಯೇರಿಗೆಂದು ಟಾವೆಲ್, ಕುಪ್ಪಸದ ಖಣ. ಹಿಂದೆ ಕಾಯಿಪಲ್ಲೆ ಅಂಗಡಿಯ ವಿರೂಪಣ್ಣ. ಅವನ ಹಿಂದೆ ಇಡೀ ಓಣಿ!

“ಇಷ್ಟು ದಪ್ಪನ ಆಮಂತ್ರಣ ಪತ್ರಿಕಿ ನಾ ನೋಡಿದ್ದಿಲ್ಲ ಮಾಸ್ತರ! ಕಾರ್ಯ ಏನ್ರಿ?” ಎಂದ ವಿರೂಪಣ್ಣ.

ಸುನಂದಾ ನನ್ನನ್ನು ಒಳಗೆಳೆದಳು. “ಎಲಿ-ಅಡಿಕಿ ಕೊಟ್ರೇನು?”

“ಪುಸ್ತಕಕ್ಕ ಶೋಭಾ ಅಂತ...”

“ಎಲಿ-ಅಡಿಕಿ ಕೊಟ್ರ ಊಟಕ್ಕ ಕರದಂಗ ಅಂತ, ಹನ್ನೆರಡು ಕಥಿ ಬರದ ಮನಷ್ಯಾಗ ತಿಳೀಲಿಲ್ಲೇನು?”

ಎರಡು ತಾಸಿನಲ್ಲಿ ಗೋಧಿ ಹುಗ್ಗಿ ಕುದ್ದಿತು. ಪಂಕ್ತಿ ಕೂತ ಮೇಲೆ ನಾನು ಎದ್ದು ನಿಂತೆ. “ಈ ಶುಭ ಸಂದರ್ಭದಲ್ಲಿ ನನ್ನ...” ಎಂದವನೇ ಉಪ್ಪಿನ ಬಟ್ಟಲು ಹಿಡಿದು ಬಡಿಸತೊಡಗಿದೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಗ್ಗಿಯ ಸೌಟು ಹಿಡಿದ ಸುನಂದಾ ಮುಂದೆ ಬಂದಳು. “ಅದು ಪತ್ರಿಕಿ ಅಲ್ರಿ, ನಮ್ಮನಿಯವ್ರು ಬರದ ಪುಸ್ತಕ. ಮೂರನೇ ಕಥಿಯೊಳಗ ಒಬ್ಬ ಅಂಗಡಿಯವ ತಕ್ಕಡಿ ಮ್ಯಾಲ ಬೆರಳಿಡ್ತಾನ. ಐದನೇದ್ರಾಗ ಒಬ್ಬಾಕಿ ಗ್ವಾಡಿಗೆ ಕಿವಿ ಹಚ್ಚಿ ಮಂದಿ ಜಗಳ ಕೇಳ್ತಾಳ. ಯಾರಂತ ನಾ ಹೇಳಂಗಿಲ್ಲ, ಓದ್ಕೋರಿ!”

ವಿರೂಪಣ್ಣ ಅರ್ಧ ಊಟಕ್ಕೇ ಎದ್ದ. ಮಹಾಂತಮ್ಮ ಕೈ ತೊಳೆಯದೆ ತನ್ನ ಮನೆಯ ದೇವರ ಜಗಲಿಯತ್ತ ಓಡಿದಳು. ಸಂಜೆಗೆ ಓಣಿಯ ಕಟ್ಟೆ-ಕಟ್ಟೆಯ ಮೇಲೂ ನನ್ನ ಪುಸ್ತಕ! ಸಂತೋಷಕ್ಕೆ ಕಣ್ಣು ತುಂಬಿತು.

“ಸುನಂದಾ, ನೀ ಓದೀಯೇನು?”

“ಬಂದ ದಿನಾನೇ ಓದೀನಿ.”

“ಮತ್ತ ಯಾಕ ಹೇಳಲಿಲ್ಲ?”

“ಒಂಬತ್ತನೇ ಕಥಿಯೊಳಗ ಗಂಡನ್ನ ದಿನಾ ಕೊತ್ತಂಬರಿಗೆ ಓಡಸೋ ಬಾಯಿಬಡಕಿ ಯಾರಂತ ನೀವೇ ಹೇಳ್ತೀರಿ ಅಂತ ಕಾಯಾಕತ್ತಿದ್ದೆ.”

ಚೀಲ ಹಿಡಿದು ಕೊತ್ತಂಬರಿಗೆ ಹೊರಟೆ. ಓಣಿಗಿರುವುದು ಒಂದೇ ಕಾಯಿಪಲ್ಲೆ ಅಂಗಡಿ. ವಿರೂಪಣ್ಣ ಪುಸ್ತಕ ಮಡಿಚಿ ತಕ್ಕಡಿಯ ಪಕ್ಕದಲ್ಲಿಟ್ಟು, ನನ್ನನ್ನೇ ದಿಟ್ಟಿಸಿದ.

“ಬರ್ರಿ ಮಾಸ್ತರ,” ಎಂದ. “ಓದೀನಿ.”