ಸಾರಿಗೊಂದು ಹುಂಜ, ತಳಿಗೊಂದು ಹುಂಜ

ಮನೆಯ ಹಿಂದೆ ನಾಲ್ಕಡಿ ಮಣ್ಣಿದ್ದರೆ ಮನುಷ್ಯ ಸುಮ್ಮನಿರುವುದಿಲ್ಲ. ನಮ್ಮ ಮನೆಯ ಹಿಂದೆ ನಲವತ್ತಡಿ ಇದೆ. ಆದ್ದರಿಂದ ಇಂಥವು ನಡೆಯುತ್ತಲೇ ಇರುತ್ತವೆ.

ಎರಡು ಉಪಯೋಗ

ನಾವು ಬೀದರ್ ಕಡೆಯವರು, ಇರುವುದು ಹೈದರಾಬಾದಿನ ತಾರ್ನಾಕದಲ್ಲಿ. ನನ್ನ ಗಂಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರು. ಯಂತ್ರದ ಭಾಗಗಳನ್ನು ಅಳೆದು ಇದು ಪಾಸು, ಇದು ರಿಜೆಕ್ಟು ಎನ್ನುವುದು ಅವರ ಕೆಲಸ. ಒಂದು ಭಾನುವಾರ ರಟ್ಟಿನ ಪೆಟ್ಟಿಗೆಯಲ್ಲಿ ಕೋಳಿಮರಿಗಳನ್ನು ತಂದರು.

"ಇವು ಎರಡು ಉಪಯೋಗದವು. ಮಾಂಸಕ್ಕೂ ಆಗ್ತಾವ, ತಳಿಗೂ ಆಗ್ತಾವ."

"ಒಂದ ಕೋಳಿ ಎರಡಕ್ಕೂ ಹೆಂಗ ಆಗ್ತೈತ್ರಿ? ಕೊಯ್ದ ಮ್ಯಾಲೆ ತಳಿ ಹೆಂಗ ಬೆಳಸ್ತೀರಿ?"

ಅವರು ಮರಿಗಳನ್ನು ಎಣಿಸತೊಡಗಿದರು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಅದರ ಬಳಕೆ ಕಡಿಮೆ.

ಇದಕ್ಕೆಲ್ಲ ಕಾರಣ ಭಾವ, ಅಂದರೆ ನನ್ನ ಗಂಡನ ಅಕ್ಕನ ಯಜಮಾನರು. ಭಾಲ್ಕಿ ಕಡೆ ಹೊಲ, ಹೊಲದಲ್ಲಿ ಕೋಳಿ, ಕೋಳಿಗಿಂತ ಜಾಸ್ತಿ ಮಾತು. ಒಂದು ಮದುವೆಯಲ್ಲಿ, ಎಲೆಯ ಮುಂದೆ ಕೂತವರೆಲ್ಲ ಕೇಳುವಂತೆ ಹೇಳಿದ್ದರು: "ಹೈದರಾಬಾದಿನವ್ರು ಕೋಳಿ ತಿನ್ನಾಕ ಅಷ್ಟ ಶಾಣ್ಯಾರು. ಸಾಕಾಕ ಬ್ಯಾರೆ ಎದಿ ಬೇಕು."

ನನ್ನ ಗಂಡ ಅಲ್ಲೇ ಮಾತು ಕೊಟ್ಟರು. "ದಸರಾ ಮುಗದ ಮ್ಯಾಲೆ ಬರ್ರಿ ಭಾವಾ. ನಾ ಸಾಕಿದ ಹುಂಜದ ಸಾರು ಉಣ್ಣಸ್ತೀನಿ. ಹೋಗುವಾಗ ಮರಿ ಮಾಡ್ಸಾಕ ತತ್ತಿನೂ ಕೊಡ್ತೀನಿ."

ಯಾರೂ ಕೇಳದಿದ್ದ ಎರಡನೆಯ ಮಾತನ್ನೂ ಸೇರಿಸಿದ್ದು ಅವರೇ.

ಹೆಲ್ಮೆಟ್

ಮರಿಗಳು ಬೆಳೆದವು. ಹೇಂಟೆಗಳು ಮೊಟ್ಟೆ ಇಡತೊಡಗಿದವು. ಗಂಡ ಹಿತ್ತಲಲ್ಲಿ ಅಳತೆ ಮಾಡಿಸಿ, ಹುಲ್ಲು ಹಾಸಿ ಗೂಡು ಕಟ್ಟಿಸಿದ್ದರು. ಮೊದಲು ಕಾವಿಗೆ ಕೂತ ಹೇಂಟೆ ಗೂಡನ್ನು ಒಮ್ಮೆ ನೋಡಿ, ವರಾಂಡದಲ್ಲಿ ಮಗುಚಿಟ್ಟಿದ್ದ ಅವರ ಹೆಲ್ಮೆಟ್ಟಿನೊಳಗೆ ಕೂತಿತು.

"ಎಬ್ಬಿಸಬ್ಯಾಡ," ಎಂದರು ಅತ್ತೆ. "ಬಾಣಂತಿ ಇದ್ದಂಗ ಅದು."

"ಇನ್ನೂ ಹಡದಿಲ್ಲಲ್ರಿ," ಎಂದೆ.

"ನೀ ಸುಮ್ನಿರವ್ವಾ."

ಗಂಡ ಬರಿತಲೆಯಲ್ಲಿ ಸ್ಕೂಟರ್ ಹತ್ತಿದರು. ತಿರುವಿನಲ್ಲೇ ಟ್ರಾಫಿಕ್ ಪೊಲೀಸ್ ಹಿಡಿದು, "ಹೆಲ್ಮೆಟ್ ಏದಿ?" ಎಂದು ತೆಲುಗಿನಲ್ಲಿ ಕೇಳಿದ, ಹೆಲ್ಮೆಟ್ ಎಲ್ಲಿ ಎಂದು.

ಸುಳ್ಳು ಹೇಳಲು ಬಾರದ ಮನುಷ್ಯ. "ಹೆಲ್ಮೆಟ್‌ಲ ಕೋಡಿ ಪೊದಿಗಿಂದಿ ಸಾರ್." ಹೆಲ್ಮೆಟ್ಟಿನಲ್ಲಿ ಕೋಳಿ ಕಾವಿಗೆ ಕೂತಿದೆ ಎಂಬ ಮಾತು ತೆಲುಗಿನಲ್ಲೂ ಅಷ್ಟೇ ಸುಳ್ಳಿನಂತೆ ಕೇಳುತ್ತದೆ.

ಪೊಲೀಸ್ ಅವರ ಮುಖವನ್ನೇ ದಿಟ್ಟಿಸಿದ. ಆಮೇಲೆ ಗಂಭೀರವಾಗಿ, ಎಷ್ಟು ಮೊಟ್ಟೆ ಎಂದು ವಿಚಾರಿಸಿದ. "ಎನ್ನಿ ಗುಡ್ಲು?" ಬೆಕ್ಕು ಬಾರದಂತೆ ನೋಡಿಕೊಳ್ಳಿ, ನೀರು ಹತ್ತಿರವೇ ಇಡಿ ಎಂದು ಬುದ್ಧಿ ಹೇಳಿದ. ಇಬ್ಬರೂ ಕೈ ಕುಲುಕಿದರು. ನಂತರ ಆತ ಫೋಟೊ ತೆಗೆದುಕೊಂಡ.

ಮರಿಗಳು ಬಂದವು. ಅವಕ್ಕಿಂತ ಮೊದಲು ದಂಡದ ಚಲನ್ ಬಂತು.

ಪಾಸು, ರಿಜೆಕ್ಟು

ನಮ್ಮಲ್ಲಿ ಹುಂಜಗಳು ಎರಡು, ಒಂದು ಕೆಂಪು, ಒಂದು ಕಪ್ಪು. ನಿಯಮ ಸರಳ. ಒಳ್ಳೆಯದು ತಳಿಗೆ, ಇನ್ನೊಂದು ಭಾವನ ಸಾರಿಗೆ. ಗಂಡ ಕಾಲು ಅಳೆದು, ಜುಟ್ಟು ಅಳೆದು, ತೂಕ ನೋಡಿ ತೀರ್ಪು ಕೊಟ್ಟರು. ಕೆಂಪು ಪಾಸು, ಕಪ್ಪು ರಿಜೆಕ್ಟು.

ಅಂದಿನಿಂದ ಅತ್ತೆ ಕಪ್ಪು ಹುಂಜಕ್ಕೆ ನೆನೆಸಿದ ಜೋಳ, ಶೇಂಗಾ, ತುಪ್ಪ ಸವರಿದ ರೊಟ್ಟಿಚೂರು ಹಾಕತೊಡಗಿದರು. "ಹೋಗೋ ಜೀವ. ಇರೂತನಕ ಉಣ್ಣಲಿ."

ಕಪ್ಪು ಉಂಡಿತು. ಎದೆ ತುಂಬಿತು, ಗರಿ ಮಿಂಚಿತು. ಮುಂದಿನ ತಪಾಸಣೆಯಲ್ಲಿ ಕಪ್ಪು ಪಾಸು, ಕೆಂಪು ರಿಜೆಕ್ಟು. ಅತ್ತೆ ತಟ್ಟೆಯನ್ನು ಕೆಂಪಿನ ಮುಂದೆ ಸರಿಸಿದರು. ಸ್ವಲ್ಪ ದಿನಕ್ಕೆ ಕೆಂಪು ಪಾಸು.

"ಅತ್ತಿ, ಹಿಂಗಾದ್ರ ಭಾವಗ ಸಾರಿಲ್ರಿ," ಎಂದೆ.

"ನಾ ಏನ್ ಮಾಡೇನವ್ವಾ? ಸಾಯೋದಕ್ಕಷ್ಟ ಹಾಕ್ತೀನಿ. ನಿನ್ನ ಗಂಡ ಅದನ್ನ ಉಳಿಸಿದ್ರ ನಂದೇನ್ ತಪ್ಪು?"

ತರ್ಕದಲ್ಲಿ ದೋಷ ಸಿಗಲಿಲ್ಲ. ನಮ್ಮ ಮನೆಯಲ್ಲಿ ತುಪ್ಪ ಬೇಕಾದರೆ ಮೊದಲು ಮರಣದಂಡನೆ ಆಗಬೇಕು.

ಚಿಕನ್ ಅಂಗಡಿ

ದಸರಾ ಮುಗಿಯಿತು. ಭಾನುವಾರ ಬರುತ್ತೇನೆಂದು ಭಾವ ಫೋನ್ ಮಾಡಿದರು. ಗಂಡ ಅಂದಿನ ರಿಜೆಕ್ಟನ್ನು ಸುಲ್ತಾನ್ ಬಜಾರಿನ ಸೀರೆ ಅಂಗಡಿಯ ಚೀಲದಲ್ಲಿ, ತಲೆ ಮಾತ್ರ ಹೊರಗಿರುವಂತೆ ಕೂಡಿಸಿಕೊಂಡು ಕೊಯ್ಸಲು ಹೊರಟರು. ಅರ್ಧ ದಾರಿಗೆ ಅತ್ತೆಯ ಫೋನ್. "ಇವತ್ತ ಸೋಮವಾರ. ಈಶ್ವರನ ವಾರ." ವಾಪಸ್.

ಗುರುವಾರ ಅತ್ತೆಯ ಒಪ್ಪತ್ತು. ಅದು ಗೊತ್ತಾದದ್ದು ಅಂಗಡಿ ಮುಟ್ಟಿದ ಮೇಲೆ. ವಾಪಸ್. ಶುಕ್ರವಾರ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಅಂಗಡಿಯ ತಕ್ಕಡಿಯಲ್ಲಿ, ಮನೆಯಲ್ಲಿ ಉಳಿದ ಹುಂಜಕ್ಕಿಂತ ಇದೇ ಹೆಚ್ಚು ತೂಗಿತು. "ತಪ್ಪು ರಿಜೆಕ್ಷನ್ ಆಗೈತಿ," ಎಂದು ಕಾರ್ಖಾನೆಯ ಮುಖ ಮಾಡಿಕೊಂಡು ವಾಪಸ್ ತಂದರು. ಶನಿವಾರ ಹಣಮಪ್ಪನ ವಾರ. ಅದನ್ನು ಮರೆತು ಇನ್ನೊಂದು ಹುಂಜದೊಂದಿಗೆ ಹೋದರು.

ಅಂಗಡಿಯವನು ಕತ್ತಿ ಕೆಳಗಿಟ್ಟು ಕೇಳಿದನಂತೆ: "ಸಾಬ್, ಕಾಟ್ನೆ ಕು ಲಾಯೆ ಕಿ ಘುಮಾನೆ ಕು?"

ಕೊಯ್ಸಲು ತಂದಿರೋ, ಸುತ್ತಾಡಿಸಲು ತಂದಿರೋ ಎಂಬ ಆ ಪ್ರಶ್ನೆ ಮುಗಿಯುವಷ್ಟರಲ್ಲಿ ನನ್ನ ಗಂಡ ವಾರ ನೆನಪಿಸಿಕೊಂಡು, ವಾಪಸ್ ಹೊರಡಲು ಚೀಲ ಎತ್ತಿದರು. ಉತ್ತರ ಕೊಟ್ಟದ್ದು ಹುಂಜ, ಚೀಲದಿಂದ ಕೂಗಿ.

ನಾಚಿಕೆ ಸ್ವಭಾವದ್ದು

ಭಾನುವಾರ ಬೆಳಿಗ್ಗೆ ಕೊನೆಯ ತೂಕ. ಕೆಂಪು, ಕಪ್ಪು ಎರಡೂ ಸಮ. ಗಂಡ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೂವತ್ತು ವರ್ಷ ಅವರ ಮೇಜಿನ ಮೇಲೆ ಬಂದದ್ದೆಲ್ಲ ಪಾಸು ಅಥವಾ ರಿಜೆಕ್ಟು ಆಗಿಯೇ ಹೋಗಿತ್ತು.

"ಭಾವ ಊರ ತುಂಬ ಡಂಗುರ ಹೊಡಿತಾರ," ಎಂದರು ಸಣ್ಣ ದನಿಯಲ್ಲಿ.

ನಾನು ಚೀಲ ಕೈಗಿಟ್ಟೆ. ಖಾಲಿ ಚೀಲ. ಅರ್ಥವಾಯಿತು. ಹೋಗಿ ಅಂಗಡಿಯ ಬಾಯ್ಲರ್ ಕೋಳಿ ತಂದರು. ಅಂಗಡಿಯವನು ಇದು ಕೊಯ್ಯಲಿಕ್ಕೇ ತಾನೇ ಎಂದು ಮೂರು ಸಲ ಕೇಳಿಕೊಂಡನಂತೆ.

ಭಾವ ಬಂದರು. ಉಂಡರು. ಮೊದಲ ತುತ್ತಿಗೇ ಕೈ ನಿಂತಿತು. ನನ್ನ ಗಂಡ ಅವಸರದಲ್ಲಿ ಇನ್ನೊಂದು ಸೌಟು ಸಾರು ಬಡಿಸಿದರು.

"ತಮ್ಮಾ, ಎಷ್ಟ್ ಮೆತ್ತಗ ಐತೋ ಇದು! ನಲವತ್ತ್ ವರ್ಷ ಕೋಳಿ ಸಾಕೇನಿ, ಜವಾರಿ ಹುಂಜ ಹಿಂಗ ಬೇಯೋದ ನೋಡಿಲ್ಲ."

ಅಷ್ಟರಲ್ಲಿ ಕೆಂಪೂ ಕಪ್ಪೂ ಜೋಡಿಯಾಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತವು. ತುಪ್ಪದ ಹೊತ್ತು.

"ನೀ ಫೋಟೊ ಕಳಿಸಿದ್ದ ಹುಂಜ ಎರಡೂ ಇಲ್ಲೇ ಅದಾವಲ್ಲ?"

"ಮೂ... ಮೂರನೇದಿತ್ರಿ."

"ಫೋಟೊದಾಗ ಇರಲಿಲ್ಲ?"

ಗಂಡ ನನ್ನನ್ನು ನೋಡಿದರು. ನಾನು ನೀರು ತರಲು ಎದ್ದೆ. ಅತ್ತೆ ರೊಟ್ಟಿ ಮುರಿಯುತ್ತ ಹೇಳಿದರು, "ಅದು ಭಾಳ ನಾಚಿಕಿ ಸ್ವಭಾವದ್ದು."

ಭಾವ ತಲೆಯಾಡಿಸಿದರು. ಆಮೇಲೆ ಅವರಿಗೆ ಸಿಟ್ಟೇ ಬಂತು. "ಅಲ್ಲೋ, ಇಂಥಾ ಹುಂಜ ಕೊಯ್ತಾರೇನೋ? ತಳಿಗೆ ಇಟ್ಕೋಬೇಕಿತ್ತು! ಹೋಗ್ಲಿ, ಅದರ ತತ್ತಿಯಾದ್ರೂ ಅದಾವೇನು?"

ಗಂಡ ಬಾಯಿ ತೆರೆದರು. ನಿಜ ಹೇಳುವವರಿದ್ದರು. ಅಷ್ಟರಲ್ಲಿ ಅತ್ತೆ ಬುಟ್ಟಿ ತಂದು ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿದರು. "ಇದು ಅದರದ್ದು. ಇದೂ ಅದರದ್ದು. ಇದಲ್ಲ."

ಒಂದೇ ಕೋಳಿ ಮಾಂಸಕ್ಕೂ ತಳಿಗೂ ಹೇಗಾದೀತು ಎಂಬ ನನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಂಗಡಿಯಿಂದ ತಂದರೆ ಆಗುತ್ತದೆ.

ಮೊನ್ನೆ ಭಾಲ್ಕಿಯಿಂದ ಫೋನ್ ಬಂತು. ಮರಿಗಳು ಹೊರಬಂದಿವೆ. ಭಾವನ ದನಿಯಲ್ಲಿ ಸಂಭ್ರಮ. "ಏನ್ ತಳೀನೋ ತಮ್ಮಾ! ಎಲ್ಲಾ ಥೇಟ್ ಅಪ್ಪನಂಗ ಅದಾವ."

ಆ ಅಪ್ಪನನ್ನು ಅವರು ನೋಡಿದ್ದು ಒಮ್ಮೆ ಮಾತ್ರ. ತಟ್ಟೆಯಲ್ಲಿ, ಮೇಲೆ ಕೊತ್ತಂಬರಿ ಉದುರಿಸಿದ್ದಾಗ.