ಹೂಮಾಲೆಯಾದ ಸ್ಟ್ರಿಂಗ್ ಥಿಯರಿ

ಅಜ್ಜಂಪುರದ ಕಡೆ ನಮ್ಮ ತವರಿನ ಹೆಸರು ಹೇಳಿದರೆ ಇಂದಿಗೂ ಜನ ಎದ್ದು ನಿಲ್ಲುತ್ತಾರೆ. ಮುತ್ತಜ್ಜ ಪಟೇಲರಾಗಿದ್ದವರು. ತಾತ ಒಂದು ಮಾತು ಆಡಿದರೆ ಅಮಲ್ದಾರರು ಎರಡನೆಯ ಸಾಕ್ಷಿ ಕೇಳುತ್ತಿರಲಿಲ್ಲ. ಮಠದಲ್ಲಿ ನಮ್ಮ ಮನೆಯವರು ಬರುವ ತನಕ ಪಂಕ್ತಿ ಹಾಕುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಪೂರ್ಣ ವಾಕ್ಯದಲ್ಲಿ ಉತ್ತರಿಸುವುದನ್ನೂ ಅಲ್ಲೇ ಕಲಿತೆ. ಕಡೂರಿಗೆ ಸೊಸೆಯಾಗಿ ಬಂದು, ನಿವೃತ್ತಿಯವರೆಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದೆ. ಇಂಥವಳಿಗೆ ಇಂಥ ಪ್ರಸಂಗಗಳು ಒದಗಬಾರದು. ಆದರೆ ಒದಗುತ್ತಲೇ ಇರುತ್ತವೆ.

ನಮ್ಮ ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಸ್ಟ್ರಿಂಗ್ ಥಿಯರಿಯ ಬಗ್ಗೆ ಮಾತಾಡುತ್ತೇನೆ ಎಂದೆ. ಅಧ್ಯಕ್ಷೆ ನಕ್ಕರು.

"ನಮ್ಮ ಹೆಂಗಸ್ರಿಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ ಮೇಡಂ? ರಂಗೋಲಿ ಸ್ಪರ್ಧೆ ಇಟ್ಕೊಳ್ಳೋಣ ಬಿಡಿ."

"ಅರ್ಥ ಮಾಡಿಸುತ್ತೇನೆ. ಒಬ್ಬರಿಗೆ ಅರ್ಥವಾದರೂ ನೀವು ವೇದಿಕೆಯ ಮೇಲೆ ಎಲ್ಲರ ಕ್ಷಮೆ ಕೇಳಬೇಕು."

"ಆಗ್ದಿದ್ರೆ ನೀವು ನೆಲದ ಮೇಲೆ ಕೂತು ರಂಗೋಲಿ ಬಿಡ್ಬೇಕು."

ನಾನು ಜನ್ಮದಲ್ಲಿ ಕುಕ್ಕರುಗಾಲಿನಲ್ಲಿ ಕೂತವಳಲ್ಲ. ಆದರೂ ಒಪ್ಪಿದೆ.

ಪಂಚನಹಳ್ಳಿಯ ಇರುವೆ

ಅಭ್ಯಾಸಕ್ಕೆಂದು ಮೊದಲು ಪಂಚನಹಳ್ಳಿಯ ತೆಂಗಿನ ತೋಟದಲ್ಲಿ ನನ್ನ ಮೈದುನನನ್ನು ಹಿಡಿದೆ. ಉದ್ದ, ಅಗಲ, ಎತ್ತರ, ಜೊತೆಗೆ ಕಾಲ ಸೇರಿ ನಾಲ್ಕು ಆಯಾಮಗಳು ನಮಗೆ ಗೊತ್ತು. ಈ ಸಿದ್ಧಾಂತಕ್ಕೆ ಅಷ್ಟು ಸಾಲದು. ಇನ್ನೂ ಕೆಲವು ಆಯಾಮಗಳು ನಮ್ಮ ಸುತ್ತಲೇ ಅತಿ ಸಣ್ಣದಾಗಿ ಸುರುಳಿ ಸುತ್ತಿಕೊಂಡಿವೆ ಎನ್ನುತ್ತದೆ.

"ಆ ಡ್ರಿಪ್ ಪೈಪು ಇಲ್ಲಿಂದ ಹೇಗೆ ಕಾಣುತ್ತದಪ್ಪಾ?"

"ಕರೀ ಗೆರೆ ಎಳ್ದಂಗೆ, ಅತ್ತಿಗೆ."

"ಈಗ ಹತ್ತಿರ ಬಾ. ಈ ಇರುವೆ ಪೈಪಿನ ಮೈ ಸುತ್ತ ತಿರುಗುತ್ತಿದೆ ನೋಡು. ದೂರದಿಂದ ನಮಗೆ ಕಾಣದಿದ್ದ ದಾರಿ ಅದಕ್ಕೆ ಸಿಕ್ಕಿದೆ. ಅರ್ಥವಾಯಿತೇ?"

ಅವನು ಬಗ್ಗಿದ. ಕಣ್ಣು ಅಗಲವಾಯಿತು. ನನಗೆ ಹೆಮ್ಮೆಯಾಯಿತು.

"ಆಯ್ತು ಅತ್ತಿಗೆ! ಇರುವೆ ಇಲ್ಲೇ ಸುತ್ತುತೈತೆ ಅಂದ್ರೆ ಇಲ್ಲೇ ಎಲ್ಲೋ ಲೀಕ್ ಐತೆ. ಎಷ್ಟು ದಿನದಿಂದ ಹುಡುಕ್ತಿದ್ದೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ತಂದು ನನ್ನ ಐದನೆಯ ಆಯಾಮಕ್ಕೆ ಬಿಗಿಯಾಗಿ ಸುತ್ತಿಬಿಟ್ಟ. ಅಂದಿನಿಂದ ಪಕ್ಕದ ತೋಟದವರೂ ಪೈಪು ತೋರಿಸಲು ನನ್ನನ್ನು ಕರೆಯುತ್ತಿದ್ದಾರೆ.

ತರೀಕೆರೆ ಬಸ್ಸು

ಮುಂದಿನ ವಾರ ತರೀಕೆರೆಯ ತಂಗಿಯ ಮನೆಗೆ ಹೊರಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಕೆ ಸೊಪ್ಪಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, ಏನು ಓದುತ್ತಿದ್ದೀರಿ ಎಂದರು. ಹೇಳಿದೆ. ಕಲ್ಲನ್ನು ಒಡೆಯುತ್ತಾ ಹೋದರೆ ಪುಡಿ, ಪುಡಿಯೊಳಗೆ ಪರಮಾಣು, ಅದರೊಳಗೆ ಇನ್ನೂ ಸಣ್ಣ ಕಣಗಳು. ಆ ಒಂದೊಂದು ಕಣವೂ ನಿಜಕ್ಕೂ ಅದುರುವ ಪುಟ್ಟ ದಾರ ಎಂಬುದು ಈ ಸಿದ್ಧಾಂತ.

"ಯಾರಾರಾ ನೋಡವ್ರಾ?"

"ಇಲ್ಲ. ಅಷ್ಟು ಸಣ್ಣದನ್ನು ತೋರಿಸುವ ಯಂತ್ರ ಇನ್ನೂ ಇಲ್ಲ. ಸದ್ಯಕ್ಕೆ ಲೆಕ್ಕದಲ್ಲಿ ಮಾತ್ರ ಇದೆ."

"ಓದಿದೋರು ಹೇಳ್ತೀರಿ, ಇರ್ಬೋದು ಬಿಡಿ."

ಅಷ್ಟರಲ್ಲಿ ಕಂಡಕ್ಟರ್ ಬಂದು ಮಹಿಳೆಯರ ಉಚಿತ ಟಿಕೆಟಿಗೆ ಆಧಾರ್ ಕೇಳಿದ. ನನ್ನದು ಮನೆಯಲ್ಲಿ ಉಳಿದಿತ್ತು. ನನ್ನ ಮಾತೇ ಸಾಕು ಎಂದೆ. ತಾತನ ಹೆಸರನ್ನೂ ಹೇಳಿದೆ.

"ನಿಮ್ಮ ತಾತನ ಆಧಾರ್ ಬ್ಯಾಡ ಮೇಡಂ, ನಿಮ್ದು ತೋರ್ಸಿ."

ಪಕ್ಕದಾಕೆಗೆ ಸಿಟ್ಟು ಬಂತು. "ಏನಪ್ಪಾ ನೀನು! ಯಾರೂ ಕಾಣದ ದಾರ ಐತೆ ಅಂತ ಈಯಮ್ಮ ಅಂದ್ರು, ನಾನು ಒಪ್ಕಂಡೆ. ಕಣ್ಣೆದುರಿಗೇ ಕೂತಿರೋ ಈಯಮ್ಮನ್ನ ನೀನು ಒಪ್ಪಲ್ವಾ?"

ಇಡೀ ಬಸ್ಸು ನಕ್ಕಿತು. ನಾನು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ಪುರಾವೆ ಕೇಳಿದವನ ಪಕ್ಷದಲ್ಲೇ ವಿಜ್ಞಾನವಿತ್ತು, ಏನು ಮಾಡಲಿ?

ಕಡೂರಿನ ಸಭೆ

ವಾರ್ಷಿಕೋತ್ಸವದ ದಿನ ಪ್ರಯೋಗಕ್ಕೆಂದು ಗಟ್ಟಿಯಾದ ಬಿಳಿ ದಾರದ ಉಂಡೆಯೊಂದನ್ನು ಮೇಜಿನ ಮೇಲಿಟ್ಟು, ಬಾಗಿಲಲ್ಲಿ ಬಂದವರನ್ನು ಮಾತಾಡಿಸುತ್ತಿದ್ದೆ. ತಿರುಗಿ ಬಂದರೆ ದಾರವಿಲ್ಲ. ವಿಚಾರಿಸುವ ಮೊದಲೇ ಕಾರ್ಯದರ್ಶಿ ಬಂದು ನನ್ನ ಕೊರಳಿಗೆ ಭಾರೀ ಸೇವಂತಿಗೆ ಮಾಲೆ ಹಾಕಿದಳು. ಚಪ್ಪಾಳೆ ಬಿತ್ತು.

"ನನ್ನ ದಾರ ಎಲ್ಲಮ್ಮಾ?"

"ಬಾಳೆನಾರು ಸಾಲ್ದೇ ಹೋಯ್ತು ಮೇಡಂ. ಮೇಜಿನ ಮೇಲೆ ಒಳ್ಳೇ ದಾರ ಇತ್ತು, ನಿಮಗೇ ಅಂತ ಅದ್ರಲ್ಲೇ ಕಟ್ಬಿಟ್ವಿ."

ವಿಶ್ವದ ರಹಸ್ಯವನ್ನೆಲ್ಲ ಕೊರಳಿಗೆ ಹಾಕಿಕೊಂಡು ನಿಂತಿದ್ದೆ. ಅಧ್ಯಕ್ಷೆ ನನ್ನನ್ನೇ ನೋಡುತ್ತಾ ರಂಗೋಲಿ ಡಬ್ಬಿಯನ್ನು ಮೇಜಿನ ತುದಿಗೆ ಸರಿಸಿದರು.

ನಾನು ಮಾಲೆ ತೆಗೆದು ಅದರ ತುದಿಗಳ ಗಂಟು ಬಿಚ್ಚಿದೆ. ಒಂದು ತುದಿಯನ್ನು ಕಾರ್ಯದರ್ಶಿಗೆ ಕೊಟ್ಟು ಅಲ್ಲಾಡದಂತೆ ಹಿಡಿಯಲು ಹೇಳಿ, ಇನ್ನೊಂದನ್ನು ನಾನೇ ಹಿಡಿದು ಮೆಲ್ಲಗೆ ಕುಲುಕಿದೆ. ಮಾಲೆ ಒಂದೇ ದೊಡ್ಡ ಹೊಟ್ಟೆಯಾಗಿ ಮೇಲೆ ಕೆಳಗೆ ಕುಣಿಯಿತು. ಇನ್ನೂ ಬೇಗಬೇಗ ಕುಲುಕಿದೆ. ಎರಡು ಹೊಟ್ಟೆಯಾಯಿತು, ನಟ್ಟನಡುವಿನ ಸೇವಂತಿಗೆ ಮಾತ್ರ ನಿಂತಲ್ಲೇ ನಿಂತಿತು.

"ಪ್ರತಿಯೊಂದು ವಸ್ತುವಿನ ಆಳದಲ್ಲೂ ಕಣ್ಣಿಗೆ ಕಾಣದ ಇಂಥ ಪುಟ್ಟ ದಾರಗಳಿವೆ. ದಾರ ಅದೇ. ಕುಣಿತ ಬದಲಾಯಿತು. ಹೀಗೆ ಕುಣಿದರೆ ಒಂದು ಬಗೆಯ ಕಣ, ಹಾಗೆ ಕುಣಿದರೆ ಇನ್ನೊಂದು ಬಗೆಯದು. ಸ್ಟ್ರಿಂಗ್ ಥಿಯರಿ ಹೇಳುವುದು ಇಷ್ಟೇ."

ಹೂವೆಲ್ಲ ಉದುರಿ ಅಧ್ಯಕ್ಷೆಯ ತಲೆಯ ಮೇಲೂ ಅವರ ಕೈಯಲ್ಲಿದ್ದ ಕಾಫಿಯೊಳಗೂ ಬಿದ್ದವು. ಸಭೆ ಕೇಕೆ ಹಾಕಿತು. ಅಧ್ಯಕ್ಷೆ ಎದ್ದು, ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಜ್ಜಿಯನ್ನು ಬೇಕೆಂದೇ ಆರಿಸಿಕೊಂಡರು.

"ಏನಜ್ಜಿ, ನಿಮಗೇನಾದ್ರೂ ಅರ್ಥ ಆಯ್ತಾ?"

ಅಜ್ಜಿ ಕಣ್ಣು ಬಿಟ್ಟರು. "ಅರ್ಥ ಆಗಕ್ಕೆ ಏನೈತೆ ಕಣವ್ವಾ? ಕಲ್ಲಲ್ಲೂ ಅದೇ ದಾರ, ಹೂವಲ್ಲೂ ಅದೇ ದಾರ, ನನ್ನೊಳಗೂ ಅದೇಯ. ಕುಣಿತ ಬ್ಯಾರೆ ಬ್ಯಾರೆ. ನಿನ್ನೊಳಗಿಂದು ಒಸಿ ಜಾಸ್ತಿ ಕುಣೀತದೆ, ಅಷ್ಟೇಯ."

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನೂ ನಕ್ಕೆ, ಬೆನ್ನು ನೆಟ್ಟಗಿಟ್ಟುಕೊಂಡೇ. ಅಧ್ಯಕ್ಷೆ ತಲೆಯ ಮೇಲಿನ ಸೇವಂತಿಗೆ ಕೊಡವಿಕೊಂಡು ಮೈಕ್ ಹಿಡಿದರು. ಈಗ ಕ್ಷಮೆ ಬರುತ್ತದೆ ಎಂದು ನಾನು ಸೆರಗು ಸರಿಪಡಿಸಿಕೊಂಡು ನಿಂತೆ.

"ಹೂ ಕಟ್ಟುವ ಕಲೆಯ ಬಗ್ಗೆ ಸೊಗಸಾಗಿ ತಿಳಿಸಿಕೊಟ್ಟ ಮೇಡಂ ಅವರಿಗೆ ಸಂಘದ ಪರವಾಗಿ ಧನ್ಯವಾದಗಳು."

ಅಜ್ಜಿಗೆ ಅರ್ಥವಾಗಿದೆ. ಇಡೀ ಸಭೆ ಸಾಕ್ಷಿ. ಅಧ್ಯಕ್ಷೆ ಕ್ಷಮೆ ಕೇಳಬೇಕು.