ಡೇರಿ ಗೋಡೆಯ ಎರಡನೇ ಪಟ

ಜವರಯ್ಯ ಎಸೆದ ಟವೆಲ್ಲು ಪಟವನ್ನು ಮುಚ್ಚುವ ಬದಲು ಹಾಲಿನ ಕ್ಯಾನಿಗೆ ಬಿತ್ತು.

ಡೇರಿಯ ಕಾರ್ಯದರ್ಶಿ ಪ್ರಮೀಳಾ ಅದನ್ನು ಎರಡು ಬೆರಳಲ್ಲಿ ಎತ್ತಿ, ಹಿಂಡದೆ, ಅವನ ಹೆಗಲಿಗೇ ಹಾಕಿದಳು. ಪಟ ಗೋಡೆಯ ಮೇಲೇ ಇತ್ತು. ಕೆ.ಆರ್.ಪೇಟೆಯ ಮಹಿಳಾ ಆರೋಗ್ಯ ಶಿಬಿರದಲ್ಲಿ ಡಾಕ್ಟರಮ್ಮ ಕೊಟ್ಟದ್ದು, ಹೆಣ್ಣಿನ ಮೈಯ ಒಳಗನ್ನು ತೋರಿಸುವಂಥದ್ದು. ಪಕ್ಕದಲ್ಲಿ ಹಸುವಿನ ಗರ್ಭಕೋಶದ ಪಟ ವರ್ಷಗಳಿಂದ ತೂಗುತ್ತಿತ್ತು. ಅದರ ಕೆಳಗೆ ಗಂಡಸರು ಟೀ ಹೀರುತ್ತ, ಯಾರ ಹಸು ಯಾವಾಗ ಬೆದೆಗೆ ಬಂತೆಂದು ಗಂಟೆ ನಿಮಿಷದ ಸಮೇತ ಚರ್ಚಿಸುತ್ತಿದ್ದರು.

ಹೊಸ ಪಟದ ಮುಂದೆ ಹೆಂಗಸರ ಸಾಲು ಕಂಬಳಿಹುಳದ ಹಾಗೆ ತೆವಳುತ್ತಿತ್ತು. ನಾಲ್ಕು ಹೆತ್ತ ಚಲುವಮ್ಮ 'ಚಂದ್ರನಾಡಿ' ಎಂದು ಬರೆದ ಜಾಗಕ್ಕೆ ಬೆರಳಿಟ್ಟಳು. ಹೊರಗೆ ಕಾಣುವುದು ಅವರೆಕಾಳಿನಷ್ಟು, ಉಳಿದದ್ದು ಒಳಗೆ ಕವಲೊಡೆದು ಇಳಿದಿದೆ, ಸಾವಿರಾರು ನರಗಳು ಅಲ್ಲಿ ಸೇರುತ್ತವೆ, ಆಸೆಯಾದಾಗ ರಕ್ತ ತುಂಬಿ ಉಬ್ಬುತ್ತದೆ, ಸುಖದ ತುದಿ ಮುಟ್ಟಿದಾಗ ಸುತ್ತಲ ಸ್ನಾಯುಗಳು ತಾಳ ಹಾಕಿದಂತೆ ಬಿಗಿದು ಸಡಿಲವಾಗುತ್ತವೆ ಎಂದು ಪ್ರಮೀಳಾ ಹಾಲಿನ ಡಿಗ್ರಿ ನೋಡುತ್ತಲೇ ವಿವರಿಸಿದಳು.

"ಮಕ್ಳಾಗಕ್ಕೆ ಬೇಕೇನ್ ಮಗ ಇದು?"

"ಇಲ್ಲ ಚಲುವಜ್ಜಿ. ಸುಖ ಕೊಡದೊಂದೇ ಅದ್ರ ಕೆಲ್ಸ."

ಚಲುವಮ್ಮ ಬೆರಳು ತೆಗೆಯಲಿಲ್ಲ. "ಎಂಗುಸ್ರ ಮೈಯಲ್ಲಿ ಇನ್ನೊಬ್ರ ಚಾಕ್ರಿ ಮಾಡ್ದೆ ಇರೋದೂ ಒಂದೈತಾ?"

ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆ ಮನೆಮನೆ ಹೊಕ್ಕಿತು. ಮುದ್ದೆ ಬಡಿಸುತ್ತ ಹೆಂಡತಿ ಏನೋ ಕೇಳಿದಳೆಂದು ಜವರಯ್ಯ ಅರ್ಧ ಊಟಕ್ಕೇ ಎದ್ದು ಬಂದ. ಇನ್ನೊಬ್ಬನನ್ನು, ಹೋಗಿ ಸರಿಯಾಗಿ ನೋಡ್ಕೊಂಡು ಬಾ ಎಂದು ಮನೆಯವಳೇ ಅಟ್ಟಿದ್ದಳು.

ನಾಲ್ಕು ಗಂಟೆಗೆ ಕಮಿಟಿ ಸೇರಿತು. ಪಟ ಇಳಿಸು, ಇಲ್ಲವೇ ಕೆಲಸ ಬಿಡು ಎಂದರು. ಪ್ರಮೀಳಾ ಹನ್ನೊಂದು ವರ್ಷ ಸೊಂಟದಲ್ಲಿದ್ದ ಡೇರಿಯ ಕೀಲಿಯನ್ನು ಮೇಜಿನ ಮೇಲಿಟ್ಟಳು.

ಅಷ್ಟರಲ್ಲಿ ಸಂಜೆಯ ಹಾಲು ಬಾಗಿಲಿಗೆ ಬಂದಿತ್ತು. ಪ್ರಮೀಳಾ ಅಳೆಯದಿದ್ದರೆ ತೊಟ್ಟು ಹಾಲೂ ಹಾಕುವುದಿಲ್ಲವೆಂದು ಚಲುವಮ್ಮ ಹೊಸಲಿಗೆ ಅಡ್ಡ ಕೂತಿದ್ದಳು. ಹಿಂದೆ ಐವತ್ತು ಹೆಂಗಸರು. ಅಧ್ಯಕ್ಷ ಶಿವಲಿಂಗಯ್ಯ ಹೊರಗೊಮ್ಮೆ ಇಣುಕಿ ಬೆವರೊರೆಸಿಕೊಂಡರು. ಕಮಿಟಿ ಮೂಲೆಗೆ ಹೋಗಿ ಪಿಸುಗುಟ್ಟಿತು. ವಾಪಸ್ಸು ಬರುವಾಗ ಅಧ್ಯಕ್ಷರ ಮುಖ ಈಗ ತಾನೇ ತೊಳೆದ ಕ್ಯಾನಿನ ಹಾಗೆ ಹೊಳೆಯುತ್ತಿತ್ತು.

"ಪಟಾನೂ ಇರ್ಲಿ, ನಿನ್ ಕೆಲ್ಸಾನೂ ಇರ್ಲಿ ಕಣವ್ವ," ಎಂದು ಕೀಲಿಯ ಜೊತೆ ಒಂದು ಪೆನ್ನನ್ನೂ ಮುಂದೆ ಸರಿಸಿದರು. "ಮ್ಯಾಲೆ 'ಸೀಮೆಹಸು' ಅಂತ ಬರ್ದ್ಬುಡು. ದನದ್ದು ಅಂದ್ರೆ ಯಾರೂ ತೆಪ್ಪು ತಿಳ್ಕಳಕ್ಕಿಲ್ಲ."

ಇಡೀ ಕಮಿಟಿ ತಲೆದೂಗಿತು.

ಪ್ರಮೀಳಾ ಪೆನ್ನನ್ನೂ ಕೀಲಿಯನ್ನೂ ಒಟ್ಟಿಗೇ ವಾಪಸ್ಸು ತಳ್ಳಿದಳು.

"ಬರೆಯಕ್ಕಿಲ್ಲ."